ಬೆಳಕಿನ ಅಳತೆಗೆ ಹೊಲಿದ ಖೋಲಿ

ನಮ್ಮ ಮನೆಗೆ ಹೊಸದಾಗಿ ಬಂದವರು ನನ್ನ ಮಲಗುವ ಖೋಲಿಯ ಬಾಗಿಲಲ್ಲಿ ನಿಂತು ಮೊದಲು ಕೇಳುವುದು ಒಂದೇ ಮಾತು: "ಸಾಮಾನೆಲ್ಲಾ ಎಲ್ಲಿ ಹೋದುವ್ರಿ?" ಎರಡನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಅದು ಮುಖದ ಮೇಲೆ ಇರುತ್ತದೆ. ಈ ಮನೆಯಲ್ಲಿ ಗಂಡ ಹೆಂಡತಿ ಸರಿ ಇದ್ದಾರೋ ಇಲ್ಲವೋ ಎಂಬ ಪ್ರಶ್ನೆ ಅದು. ಸರಿ ಇದ್ದೇವೆ. ಒಮ್ಮೆ ಇದೇ ಖೋಲಿಯ ದೆಸೆಯಿಂದ ನಾವು ಬೇರೆಯಾದೆವೆಂದು ಓಣಿಯೆಲ್ಲ ತಿಳಿದಿತ್ತು, ಆ ಕಥೆಯನ್ನೂ ಹೇಳುತ್ತೇನೆ. ಆದರೆ ಮೊದಲು ಕಣ್ಣಿನ ಕಥೆ ಹೇಳಬೇಕು, ಯಾಕೆಂದರೆ ಖೋಲಿ ಹುಟ್ಟಿದ್ದೇ ಕಣ್ಣಿನಿಂದ. ಇಂಥದ್ದೇ ಬೇನೆ ಬಂದು, ಕಿಟಕಿ ಮುಚ್ಚಿಕೊಂಡು ಒಬ್ಬರೇ ಕೂತವರು ಎಲ್ಲಾದರೂ ಇದ್ದರೆ, ಪಕ್ಕದಲ್ಲಿದ್ದವರು ಅವರಿಗೆ ಇದನ್ನು ಓದಿ ಹೇಳಲಿ ಎಂದು ಬರೆಯುತ್ತಿದ್ದೇನೆ.

ನಾನು ಸಿಂದಗಿಯಲ್ಲಿ ಟೇಲರ್. ಇಪ್ಪತ್ತು ವರ್ಷದಿಂದ ಜಂಪರ್ ಹೊಲಿಯುತ್ತೇನೆ. ಬೇರೆ ಕಡೆ ಬ್ಲೌಸ್ ಅನ್ನುವುದಕ್ಕೆ ನಾವು ಜಂಪರ್ ಅನ್ನುತ್ತೇವೆ. ಆ ವರ್ಷ ಲಗ್ನದ ಸೀಜನ್ ಜೋರಾಗಿತ್ತು. ಒಂದು ಬೆಳಿಗ್ಗೆ ಬಲಗಣ್ಣು ಕೆಂಪಾಗಿ, ನೀರು ಸುರಿಯತೊಡಗಿತು. ಕಣ್ಣು ಬಂದಿವೆ ಎಂದು ನಾನೂ ತಿಳಿದೆ, ಊರೂ ತಿಳಿಯಿತು. ಗಿರಾಕಿಗಳು ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ರಸ್ತೆಯ ಆಚೆ ನಿಂತು, "ಅಕ್ಕಾ, ಹ್ವಾದ ಸಲದ ಅಳತಿನ ಇರ್ಲಿ, ತೋಳ ಅಷ್ಟ ಅರ್ಧ ಇಂಚ ಉದ್ದ ಮಾಡು" ಎಂದು ಕೂಗಿ, ಬಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟು ಕಾಲು ಕೀಳುತ್ತಿದ್ದರು. ಮಗಳು ಹಿಂದಿನ ವರ್ಷ ಹಾಕಿಕೊಂಡು ಬಿಟ್ಟಿದ್ದ ಹನಿಯನ್ನೇ ನಾನು ಹಾಕಿಕೊಂಡೆ. ಯಾರಿಗೂ ತೋರಿಸಲಿಲ್ಲ. ಸೀಜನ್ ಮುಗಿಯಲಿ, ಆಮೇಲೆ ನೋಡಿದರಾಯಿತು ಎಂದು ಹದಿನೈದು ದಿನ ದೂಡಿದೆ. ಆ ತಪ್ಪನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ, ಅದು ನನ್ನದೇ.

ಹದಿನಾರನೆಯ ದಿನ ಅಂಗಡಿಯ ಶಟರ್ ಎತ್ತಿದೆ. ಎದುರು ಮನೆಯ ತಗಡಿನ ಪತ್ರಾಸಿನ ಮೇಲೆ ಬಿಸಿಲು ಬಿದ್ದಿತ್ತು. ಅದು ಕಣ್ಣಿಗೆ ಚುಚ್ಚಿದ ರೀತಿಗೆ ನಾನು ಶಟರಿನ ಬುಡದಲ್ಲೇ ಕುಸಿದು ಕೂತೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನನ್ನ ಅಂಗೈ ನೋಡಿಕೊಂಡರೆ ಅಂಗೈ ಇರಲಿಲ್ಲ, ಅಲ್ಲೊಂದು ಬೆಳ್ಳನೆಯ ಮಬ್ಬು ಇತ್ತು. ಆಗ ಹೆದರಿಕೆಯಾಯಿತು. ಟೇಲರಿಗೆ ಎರಡೂ ಕಣ್ಣು ಬೇಕು. ಒಂದೇ ಕಣ್ಣಾದರೆ ಸೂಜಿಯ ಮೊನೆ ಎಷ್ಟು ಹತ್ತಿರ ಇದೆ, ಎಷ್ಟು ದೂರ ಇದೆ ಗೊತ್ತಾಗುವುದಿಲ್ಲ; ಬೆರಳು ಮಷಿನಿನ ಅಡಿಗೆ ಹೋಗುತ್ತದೆ. ಬಲಗಣ್ಣು ಹೋದರೆ ನನ್ನ ಕೆಲಸವೂ ಹೋಯಿತು, ಅಷ್ಟು ಸೀದಾ ಮಾತು ಅದು.

ನಮ್ಮ ಮನೆಯವರು, ಶಿವಾನಂದ, ಬಸ್ ಕಂಡಕ್ಟರ್. ರಜೆ ಹಾಕಿ ನನ್ನನ್ನು ವಿಜಯಪುರದ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದರು. ತಲೆಯ ಮೇಲಿಂದ ಸೆರಗು ಎಳೆದು, ಅದರ ಮೇಲೆ ಅವರ ಟವೆಲ್ ಹೊದ್ದು, ಪೊಲೀಸರು ಹಿಡಿದೊಯ್ಯುವ ಕಳ್ಳಿಯ ಹಾಗೆ ನಾನು ಹೋದೆ.

ಆ ದವಾಖಾನೆಯ ಕಾಯುವ ಜಾಗವನ್ನು ನಾನು ಮರೆಯುವುದಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿ, "ಕಣ್ಣ ಮುಚ್ಚಿ ಕುಂಡ್ರಿ, ತಗೀಬ್ಯಾಡ್ರಿ" ಎಂದು ನರ್ಸ್ ಎಲ್ಲರನ್ನೂ ಉದ್ದ ಬೆಂಚಿನ ಮೇಲೆ ಕೂಡಿಸುತ್ತಾಳೆ. ಇಪ್ಪತ್ತು ಮಂದಿ ಸಾಲಾಗಿ ಕಣ್ಣು ಮುಚ್ಚಿ ಕೂತಿದ್ದೆವು. ಯಾರೂ ಯಾರನ್ನೂ ನೋಡುವಂತಿಲ್ಲ, ಆದರೆ ಬಾಯಿಗೆ ಯಾರೂ ಹನಿ ಹಾಕಿರಲಿಲ್ಲವಲ್ಲ. ನನ್ನ ಎಡಕ್ಕೆ ಇಂಡಿ ತಾಲೂಕಿನ ಕಡೆಯ ಒಬ್ಬ ಹೆಂಗಸು ಇದ್ದರು, ದನಿ ಕೇಳಿದರೆ ನನಗಿಂತ ಹಿರಿಯರು. ಬಸ್ಸಿನಲ್ಲಿ ಹೊಟ್ಟೆ ತೊಳೆಸಿತ್ತೆಂದು ನಾನು ನರಳುತ್ತಿದ್ದಾಗ ನನ್ನ ಕೈ ಹುಡುಕಿ ಒಂದು ನಿಂಬೆಹಣ್ಣು ಇಟ್ಟರು.

"ಮೂಸಿ ನೋಡ್ರಿ. ನಮ್ಮ ತ್ವಾಟದ್ದು."

"ನಿಮಗ ಏನಾಗೇತ್ರಿ?" ಎಂದು ಕೇಳಿದೆ.

"ಮೋತಿಬಿಂದು ಅಂತ, ಕಣ್ಣಿಗೆ ಪೊರಿ ಬಂದೈತಿ. ನಾಳಿ ಆಪರೇಶನ್. ನನಗ ಅಂಜಿಕಿ ಇಲ್ರಿ, ನನ್ನ ಮಗಗ ಐತಿ. ಹೊರಗ ತಿರಗ್ಯಾಡಾಕತ್ತಾನ ನೋಡ್ರಿ."

"ನೋಡೂದು ಹ್ಯಾಂಗ್ರಿ, ಕಣ್ಣ ಮುಚ್ಚೇನಲ್ಲ."

ಇಬ್ಬರೂ ನಕ್ಕೆವು. ನಿಮ್ಮ ಸೀರೆ ಯಾವ ಬಣ್ಣದ್ದೆಂದು ಕೇಳಿದರೆ, "ಗೊತ್ತಿಲ್ರಿ, ಸೊಸಿ ಕೊಟ್ಟದ್ದು ಉಟಗೊಂಡು ಬಂದೇನಿ" ಎಂದರು. ಒಂದು ತಾಸು ಮಾತಾಡಿದೆವು. ನನ್ನ ಹೆಸರು ಕರೆದಾಗ ಅವರು ನನ್ನ ಕೈಯನ್ನು ಎರಡು ಸಲ ಒತ್ತಿ ಬಿಟ್ಟರು. ಅವರ ಮುಖ ನಾನು ಈವತ್ತಿಗೂ ನೋಡಿಲ್ಲ. ಅವರ ನಿಂಬೆಹಣ್ಣನ್ನು ಮಾತ್ರ ಒಣಗುವವರೆಗೂ ಇಟ್ಟುಕೊಂಡಿದ್ದೆ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಲಗಣ್ಣಿಗೆ ಚಾರ್ಟಿನ ದೊಡ್ಡ ಅಕ್ಷರವೂ ಕಾಣಲಿಲ್ಲ. ಬೆರಳು ತೋರಿಸಿದರು, ಎರಡು ಎಂದೆ. ನಾಲ್ಕಿದ್ದವಂತೆ.

"ಇದು ಕಣ್ಣ ಬಂದದ್ದಲ್ರಿ. ಕಣ್ಣಿನ ಒಳಗ ಬಾವು ಬಂದೈತಿ. ಕಣ್ಣ ಪಾಪಿ ಹಿಂದಕ್ಕ ಅಂಟಿಕೊಂಡೈತಿ. ಹನಿ ಹಾಕಿ ಬಿಡಸಾಕ ನೋಡೂಣು" ಎಂದರು.

"ಕಣ್ಣ ಉಳಿತೈತೇನ್ರಿ?" ಕೇಳಿದ್ದು ನಮ್ಮ ಮನೆಯವರು.

"ಪೂರಾ ಬರ್ತೈತಂತ ನಾ ಸುಳ್ಳ ಹೇಳಂಗಿಲ್ರಿ. ಮೂರು ತಿಂಗಳ ನೋಡೂಣು. ತಾಸಿಗೊಮ್ಮೆ ಹನಿ ತಪ್ಪಬಾರದು. ಹನಿ ಹಾಕಿದಾಗ ಪಾಪಿ ಅಗಲ ಆಗಿರತೈತಿ, ಬೆಳಕ ತಡಿಯಾಕ ಆಗಂಗಿಲ್ಲ. ಮನ್ಯಾಗ ಇರ್ರಿ."

ಕಾರಣ ಹುಡುಕಲು ರಕ್ತ ತೆಗೆದರು, ಎದೆಯ ಫೋಟೋ ತೆಗೆದರು. ಕಾರಣ ಸಿಗಲಿಲ್ಲ. ಇಂದಿಗೂ ಸಿಕ್ಕಿಲ್ಲ. ಮರಳಿ ಬಸ್ಸಿನಲ್ಲಿ ಬರುವಾಗ ಶಿವಾನಂದ ಹೇಳಿದರು: "ನೀ ಏನೂ ಚಿಂತಿ ಮಾಡಬ್ಯಾಡ. ನೀ ಬಾಯಿಲೆ ಹೇಳು, ನಾ ಹೊಲಿತೇನಿ." ತಮ್ಮ ಅಂಗಿಯ ಗುಂಡಿ ಕಿತ್ತರೆ ಪಿನ್ನು ಚುಚ್ಚಿಕೊಂಡು ಡ್ಯೂಟಿಗೆ ಹೋಗುವ ಮನುಷ್ಯ. ನನಗೆ ಅಳು ಬರಬೇಕಿತ್ತು, ನಗು ಬಂತು.

ತಾಂಬಾದಲ್ಲಿ ನನ್ನ ತವರು. ಅಲ್ಲಿ ಅವ್ವ ಇದ್ದಾಳೆ, ಅಣ್ಣ ಮಲ್ಲಣ್ಣ ಇದ್ದಾನೆ. ಅವರಿಗೆ ಹೇಳಬೇಡಿ ಎಂದು ನಾನು ಮನೆಯಲ್ಲಿ ಎಲ್ಲರಿಗೂ ತಾಕೀತು ಮಾಡಿದೆ. ಅವ್ವನಿಗೆ ಬಿಪಿ, ಸುಮ್ಮನೆ ಜೀವ ತಿಂದುಕೊಳ್ಳುತ್ತಾಳೆ. ಅಣ್ಣ ಫೋನ್ ಮಾಡಿದರೆ ಥಂಡಿಯಾಗಿದೆ ಎನ್ನುತ್ತಿದ್ದೆ. ಮೂಗು ಕಟ್ಟಿದವರ ಹಾಗೆ ಮಾತಾಡುವುದನ್ನೂ ಕಲಿತೆ.

ಮನೆಗೆ ಬಂದ ಮೇಲೆ ಅತ್ತೆಯವರು ಮಲಗುವ ಖೋಲಿಯ ಎರಡೂ ಕಿಟಕಿ ಮುಚ್ಚಿ, ಸಂದಿಗೆ ಚಿಂದಿ ತುರುಕಿ, ಬಾಗಿಲಿಗೆ ಕೌದಿ ಇಳಿಬಿಟ್ಟರು. ಕಗ್ಗತ್ತಲು. ಮೂರು ದಿನ ಅದರಲ್ಲಿ ಇದ್ದೆ. ಬೆಳಕಿನ ನೋವು ಹೋಯಿತು, ಆದರೆ ಅದಕ್ಕಿಂತ ಕೆಟ್ಟದ್ದೊಂದು ಬಂತು. ಕಣ್ಣು ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಕುರುಡಾದರೆ ಹೀಗೇ ಇರುತ್ತದೇನೋ, ಇದು ಅದರ ಅಭ್ಯಾಸವೇನೋ ಎಂದು ಅನ್ನಿಸತೊಡಗಿತು. ಊಟ ಸೇರಲಿಲ್ಲ. ನೀರು ಕುಡಿಯಲು ನೆಲ ತಡವಿ ತಂಬಿಗೆ ಹುಡುಕುತ್ತಿದ್ದೆ. ಮೂರನೆಯ ದಿನ ಅತ್ತೆಯವರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ, ಅವರೂ ಸುಮ್ಮನಿರುವ ಪೈಕಿ ಅಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಕಿಟಕಿಯ ಸಂದಿನ ಚಿಂದಿ ಬಿದ್ದುಹೋಗಿತ್ತು. ನೆಲದ ಮೇಲೆ ಒಂದು ಬೆರಳಗಲ ಬೆಳಕಿನ ಪಟ್ಟಿ ಮಲಗಿತ್ತು. ಕಣ್ಣು ಮುಚ್ಚಿಕೊಳ್ಳಬೇಕೆಂದು ಕೈ ಎತ್ತಿದೆ, ಆದರೆ ನೋವಾಗಲಿಲ್ಲ. ನಮ್ಮದು ಕಡಪಾ ಕಲ್ಲಿನ ನೆಲ, ಪಾಲಿಶ್ ಹೋಗಿ ಮಂಕಾಗಿತ್ತು; ಅದು ಬೆಳಕನ್ನು ಕುಡಿದು ಸುಮ್ಮನಾಗಿತ್ತು. ಪಟ್ಟಿ ಮೆಲ್ಲಗೆ ಸರಿಯುತ್ತ ಟ್ರೆಜರಿಯ ಹತ್ತಿರ ಬಂತು. ಟ್ರೆಜರಿ ಅಂದರೆ ನಮ್ಮ ಕಡೆಯ ಕಬ್ಬಿಣದ ಕಪಾಟು, ಬಾಗಿಲ ತುಂಬ ಕನ್ನಡಿ. ಬೆಳಕು ಆ ಕನ್ನಡಿಗೆ ತಾಗಿದ್ದೇ ತಡ, ಕಣ್ಣಿಗೆ ಯಾರೋ ಸೂಜಿ ಇಟ್ಟಂತಾಯಿತು. ಚೀರಿ ದಿಂಬಿಗೆ ಮುಖ ಒತ್ತಿದೆ. ನೋವಿನಲ್ಲೂ ನನಗೆ ಒಂದು ವಿಷಯ ತಿಳಿಯಿತು. ನನ್ನ ವೈರಿ ಬೆಳಕಲ್ಲ, ಹೊಳಪು.

ಆಮೇಲೆ ಆ ಖೋಲಿಯಲ್ಲಿ ಹೊಳೆಯುವುದೇನೇನಿದೆ ಎಂದು ಮಲಗಿದಲ್ಲೇ ಎಣಿಸಿದೆ. ಟ್ರೆಜರಿಯ ಕನ್ನಡಿ. ಮಂಚದ ತಲೆಕಡೆ ಹಲಗೆಯಲ್ಲಿ ಕೂರಿಸಿದ ಹೂವಿನ ಕನ್ನಡಿಗಳು. ಗಾಜು ಹಾಕಿದ ಲಗ್ನದ ಫೋಟೋ ಐದು. ಮೂರು ಸ್ಟೀಲ್ ಟ್ರಂಕು, ಅವುಗಳ ಮೇಲೆ ತಿಕ್ಕಿಟ್ಟ ತಾಮ್ರದ ಕೊಡಗಳು. ಟಿವಿ. ಶೋಕೇಸು, ಅದರೊಳಗೆ ಯಾರೂ ಎಂದೂ ಮುಟ್ಟದ ಗಾಜಿನ ಕಪ್ಪುಗಳು. ಎಲ್ಲಕ್ಕೂ ಕಳಶವಿಟ್ಟಂತೆ ಗೋಡೆಗೆ ಗಿಳಿಹಸಿರು ಆಯಿಲ್ ಪೇಂಟು. ಇಷ್ಟು ವರ್ಷ ಇವುಗಳ ನಡುವೆ ಹೇಗೆ ನಿದ್ದೆ ಮಾಡಿದೆನೋ.

"ಖೋಲಿ ಖಾಲಿ ಮಾಡೂಣ್ರಿ. ಎಲ್ಲಾ ಹೊರಗ" ಎಂದೆ.

"ತವರವರು ಕೊಟ್ಟ ಟ್ರೆಜರಿನೂ?" ಎಂದರು ಅತ್ತೆಯವರು.

"ಅದು ಮೊದಲ ಹೋಗ್ಬೇಕು."

ಮೂಗು ಮುರಿದರು. ಬರೀ ಗೋಡೆಯ ಖೋಲಿಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ, ಬಂದ ಬೀಗರು ಏನಂದಾರು, ನೀ ಏನು ಮಠದಾಗ ಇರ್ತಿಯೇನು, ಎಂದು ಎರಡು ದಿನ ಅದೇ ರಾಗ. ನಾನು ಬಗ್ಗಲಿಲ್ಲ. ಶಿವಾನಂದ ಇಬ್ಬರ ನಡುವೆ ಸಿಕ್ಕು, ಕಡೆಗೆ ಡಾಕ್ಟರ್ ಹೇಳಿದ್ದಾರೆ ಎಂದು ಒಂದು ಸುಳ್ಳು ಹೇಳಿ ನನ್ನ ಕಡೆ ಬಿದ್ದರು.

ಗೌಂಡಿ ಲಾಲೇಸಾಬ್ ಕಾಕಾನನ್ನು ಕರೆಸಿದೆವು. ನಮ್ಮ ಮನೆ ಕಟ್ಟಿದವನೇ ಅವನು, ಗಾರೆಯ ಕೆಲಸದಲ್ಲಿ ಕೂದಲು ಬೆಳ್ಳಗಾದವನು. ನಾನು ಕರೀ ಕನ್ನಡಕ ಹಾಕಿಕೊಂಡು ನನ್ನ ಬೇಡಿಕೆ ಹೇಳಿದೆ: ಕತ್ತಲೆ ಬೇಡ, ಬೆಳಕು ಬೇಕು, ಆದರೆ ನನ್ನನ್ನು ಕೇಳಿ ಒಳಗೆ ಬರುವ ಬೆಳಕು ಬೇಕು. ಅವನು ನಗಲಿಲ್ಲ. ಖೋಲಿಯ ನಡುವೆ ನಿಂತು ಸುತ್ತ ನೋಡಿದ.

"ಹಳೀ ಮಾಳಗಿ ಮನ್ಯಾಗ ಬೆಳಕಿಂಡಿ ಇರತಿತ್ತವಾ. ಮ್ಯಾಲಿಂದ ಬೆಳಕ ಬಂದು ಮೊದಲ ಗ್ವಾಡಿಗೆ ಹತ್ತತಿತ್ತು, ಆಮ್ಯಾಲೆ ಮಂದೀಗೆ. ಯಾರ ಕಣ್ಣಿಗೂ ನೇರ ಬಡಿತಿದ್ದಿಲ್ಲ. ಈಗಿನವರು ಕಿಡಕಿ ದೊಡ್ಡದ ಬೇಕಂತಾರ, ಕಟ್ಟತೇವಿ. ಆಮ್ಯಾಲೆ ಅವರ ಅದಕ್ಕ ಪೇಪರ ಅಂಟಸತಾರ" ಎಂದ.

ಪಡುವಣ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿ, ಮೇಲೆ ಮಾಳಿಗೆಗೆ, ಅಂದರೆ ಚಾವಣಿಗೆ, ತಾಗಿದಂತೆ ಒಂದು ಗೇಣು ಎತ್ತರದ ಉದ್ದ ಸಂದು ಬಿಡುವುದೆಂದು ಅವನೇ ಹೇಳಿದ. ಮೂಡಣ ಕಿಟಕಿಯನ್ನು ನನಗೆ ಬಿಟ್ಟ, ಅದಕ್ಕೆ ಬಟ್ಟೆಯ ಕೆಲಸ ನಿಂದು ಎಂದ. ಆಯಿಲ್ ಪೇಂಟು ಕೆರೆದು ಸುಣ್ಣ ಬಳಿಯುವುದು, ಸುಣ್ಣಕ್ಕೆ ಒಂದು ಹಿಡಿ ಕೆಮ್ಮಣ್ಣು ಹಾಕಿ ಬಿಳುಪು ಮುರಿಯುವುದು ಎಂದೂ ಮಾತಾಯಿತು.

ಸಾಮಾನು ಸಾಗಿಸುವ ದಿನ ಶಿವಾನಂದ ಒಂದು ಟಂಟಂ ರಿಕ್ಷಾ ತಂದರು. ಮಂಚ ಅವರ ಚಿಕ್ಕಪ್ಪನ ಮಗನ ಮನೆಗೆ, ಟ್ರೆಜರಿ ನನ್ನ ಅಂಗಡಿಗೆ. ಅಂಗಡಿ ಇರುವುದು ಇಂಡಿ ರಸ್ತೆಯಲ್ಲಿ, ನನ್ನ ತವರಿಗೆ ಹೋಗುವ ದಾರಿಯೂ ಅದೇ. ಈಗ ನೀವು ಎದುರು ಮನೆಯ ಗಂಗವ್ವನ ಜಾಗದಲ್ಲಿ ನಿಂತು ನೋಡಿ. ಗಂಡ ಬೆವರು ಸುರಿಸುತ್ತ ತವರಿನವರು ಕೊಟ್ಟ ಟ್ರೆಜರಿ, ಮಂಚ, ಟ್ರಂಕುಗಳನ್ನು ಟಂಟಂಗೆ ಹೇರುತ್ತಿದ್ದಾನೆ. ಅತ್ತೆ ಬಾಗಿಲಲ್ಲಿ ನಿಂತು, "ಹೋಗ್ಲಿ, ಎಲ್ಲಾ ಹೋಗ್ಲಿ, ನನ್ನ ಮಾತ ಯಾರ ಕೇಳ್ತೀರಿ" ಎಂದು ಒದರುತ್ತಿದ್ದಾರೆ. ಸೊಸೆ ಕಟ್ಟೆಯ ಮೇಲೆ ಕರೀ ಕನ್ನಡಕ ಹಾಕಿ, ಮುಖದ ತುಂಬ ಸೆರಗೆಳೆದು ಕೂತಿದ್ದಾಳೆ, ಕೆನ್ನೆಯ ಮೇಲೆ ಒಂದೇ ಸವನೆ ನೀರು ಇಳಿಯುತ್ತಿದೆ. ಟಂಟಂ ಇಂಡಿ ರಸ್ತೆ ಹಿಡಿಯಿತು. ಗಂಗವ್ವನ ಜಾಗದಲ್ಲಿ ನಾನಿದ್ದರೂ ಅವಳು ಮಾಡಿದ್ದನ್ನೇ ಮಾಡುತ್ತಿದ್ದೆ. ಅವಳು ತಾಂಬಾಕ್ಕೆ ಫೋನ್ ಮಾಡಿ, ನಿಮ್ಮ ಹುಡುಗಿಯನ್ನು ಸಾಮಾನು ಸಮೇತ ತವರಿಗೆ ಕಳಿಸುತ್ತಿದ್ದಾರೆ ಎಂದು ಹೇಳಿದಳು.

ಎರಡು ತಾಸಿನಲ್ಲಿ ಕ್ರೂಸರ್ ಗಾಡಿ ಬಂದು ನಿಂತಿತು. ಅಣ್ಣ, ಅವನ ಜೊತೆ ತಲೆಗೆ ಪಟಗಾ ಸುತ್ತಿದ ಇಬ್ಬರು ಹಿರಿಯರು, ಮತ್ತೆ ಐದು ಮಂದಿ ಗಟ್ಟಿಮುಟ್ಟಾದವರು. ಚಪ್ಪಲಿ ಕಳೆದು ಸೀದಾ ಮಲಗುವ ಖೋಲಿಗೇ ನುಗ್ಗಿದರು. ಲಾಲೇಸಾಬ್ ಕಾಕಾ ಒಂದು ಗೋಡೆಯ ಅರ್ಧ ಕೆರೆದಿದ್ದ. ಕಿಟಕಿಗೆ ಇಟ್ಟಿಗೆ ಏರುತ್ತಿತ್ತು. ನೆಲದ ಮೇಲೆ ಒಂದು ಮುದುರಿದ ಹಾಸಿಗೆ.

ಅಣ್ಣ ಹಾಸಿಗೆಯ ಕಡೆ ಬೆರಳು ತೋರಿಸಿದ. "ಶಿವಾನಂದ್ರ, ನಮ್ಮ ಹುಡಿಗೀನ ಈ ಹಾಳ ಖೋಲ್ಯಾಗ ನೆಲದ ಮ್ಯಾಲ ಮಲಗಸೀರಿ. ಕಿಡಕೀನೂ ಕಟ್ಟಾಕತ್ತೀರಿ. ಸಾಮಾನ ಹೊರಗ ಹಾಕೀರಿ. ನಾವೇನ ತಿಳಕೋಬೇಕು?"

"ಮಲ್ಲಣ್ಣ, ಅದು ಕನ್ನಡಿ ಸಲುವಾಗಿರಿ" ಎಂದರು ನಮ್ಮವರು. ಬಸ್ಸಿನಲ್ಲಿ ನೂರು ಮಂದಿಯನ್ನು ಸಂಭಾಳಿಸುವ ಮನುಷ್ಯನಿಗೆ ಅವತ್ತು ಮಾತು ಸೀದಾ ಬರಲಿಲ್ಲ. "ಕನ್ನಡಿ ಹೊಳಿತೈತಿ. ಅದಕ್ಕ ಕಳಸಿದೆ."

"ಕನ್ನಡಿ ಹೊಳದ್ರ ಸೊಸಿನ್ನ ಮನಿ ಬಿಡಸ್ತಾರೇನು?" ಎಂದರು ಒಬ್ಬ ಹಿರಿಯರು.

ಆಗ ನಮ್ಮ ಅತ್ತೆಯವರು ನಡುವೆ ಬಂದು ನಿಂತರು. ಎರಡು ದಿನದಿಂದ ಈ ಖೋಲಿಗೆ ಶಾಪ ಹಾಕಿದವರು, ನನ್ನ ತವರಿನವರ ಎದುರು ಸೊಂಟಕ್ಕೆ ಕೈಯಿಟ್ಟರು.

"ಯಾರ ಮನಿ ಬಿಡಸ್ಯಾರ? ಆಕಿ ಹೋದ್ರ ನನಗ ಮಾತಾಡಾಕ ಯಾರ ಅದಾರ ಈ ಮನ್ಯಾಗ, ಇವಾ? ಇವಾ ದಿನಕ್ಕ ನಾಕ ಮಾತ ಆಡ್ತಾನ, ಅದ್ರಾಗ ಮೂರು ಚಾ ತಾ ಅಂತ. ಖೋಲಿ ಖಾಲಿ ಮಾಡಿಸಿದಾಕಿ ನಿಮ್ಮ ಹುಡಿಗಿನ. ಇದು ಡಿಸೈನ್ ಐತಿ. ನಿಮಗ ತಾಂಬಾದಾಗ ತಿಳಿಯಂಗಿಲ್ಲ, ಸುಮ್ನ ಕುಂಡ್ರಿ."

ನಾನು ಗೋಡೆ ಹಿಡಿದು ಎದ್ದು ಬಂದು ಕನ್ನಡಕ ತೆಗೆದೆ. ಅಣ್ಣ ನನ್ನ ಕಣ್ಣು ನೋಡಿದ. ನೋಡಿದವನು ಹಾಗೆಯೇ ನೆಲಕ್ಕೆ ಕೂತುಬಿಟ್ಟ.

"ಥಂಡಿ ಆಗೇತಿ ಅಂದಿದ್ದೆಲ್ಲ."

"ನೀ ಹೆದರತಿ ಅಂತ ಹೇಳಲಿಲ್ಲ ಅಣ್ಣಾ."

"ಈಗೇನ ಕುಣಿಯಾಕತ್ತೇನಿ?" ಎಂದು ಟವೆಲಿನಿಂದ ಮುಖ ಒರೆಸಿಕೊಂಡ. ನನಗೂ ತಡೆಯಲಾಗಲಿಲ್ಲ. ಇಷ್ಟು ದಿನ ಕಣ್ಣು ತಾನೇ ನೀರು ಸುರಿಸುತ್ತಿತ್ತು, ಅವತ್ತು ಅತ್ತವಳು ನಾನು. ಒಬ್ಬಳೇ ಹೊತ್ತುಕೊಂಡು ಮೂಗು ಕಟ್ಟಿದ ದನಿ ಮಾಡುತ್ತಿದ್ದೆನಲ್ಲ, ಆ ಭಾರ ಇಳಿದು ಎದೆ ಹಗುರಾಯಿತು. ಬೇನೆ ಬಂದವರು ತವರಿನಿಂದ ಮುಚ್ಚಿಡಬೇಡಿ. ಹೇಗಿದ್ದರೂ ಎದುರು ಮನೆಯವರು ಹೇಳುತ್ತಾರೆ.

ಲಾಲೇಸಾಬ್ ಕಾಕಾ ಇದನ್ನೆಲ್ಲ ಮೂಲೆಯಲ್ಲಿ ನಿಂತು ನೋಡುತ್ತಿದ್ದ. ತನ್ನ ಚೀಲದಿಂದ ಪೇಂಟು ಕೆರೆಯುವ ಪಟ್ಟಿಗಳನ್ನು ತೆಗೆದು ಒಬ್ಬೊಬ್ಬರ ಕೈಗೆ ಕೊಟ್ಟ. "ಎಂಟ ಮಂದಿ ಬಂದೀರಿ, ಖಾಲಿ ಕುಂಡ್ರಬ್ಯಾಡ್ರಿ. ಮೂರೂವರಿ ಗ್ವಾಡಿ ಬಾಕಿ ಅದಾವ." ನ್ಯಾಯ ಮಾಡಲು ಬಂದ ಪಂಚರು ಪಟಗಾ ಬಿಚ್ಚಿ ಮೂಗಿಗೆ ಕಟ್ಟಿಕೊಂಡು, ಸಂಜೆ ಹೊತ್ತು ಇಳಿಯುವವರೆಗೆ ನನ್ನ ಗಿಳಿಹಸಿರು ಗೋಡೆಯನ್ನು ಕೆರೆದರು. ಅತ್ತೆಯವರು ಬುಟ್ಟಿ ತುಂಬ ಚುರುಮುರಿಯ ಸೂಸಲಾ ಮಾಡಿ ಹಂಚಿದರು. ಗಂಗವ್ವನೂ ಬಂದಳು, ತಪ್ಪಾಯಿತೆನ್ನಲು ಬಂದವಳು ಉಳ್ಳಾಗಡ್ಡಿ ಹೆಚ್ಚಿಕೊಟ್ಟು ಹೋದಳು. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಕಿಟಕಿಯ ಬಟ್ಟೆಯ ಕೆಲಸ ನನ್ನದಾಗಿತ್ತಲ್ಲ. ಅಂಗಡಿಯಿಂದ ತುಂಡುಗಳನ್ನು ತರಿಸಿ, ಎಡಗಣ್ಣಿನಿಂದ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ. ಮಲಮಲ್ ಬಟ್ಟೆ ಬೆಳಕನ್ನು ಹಾಗೆಯೇ ಬಿಡುತ್ತದೆ, ಅದರ ಚೂಪು ಮಾತ್ರ ತೆಗೆಯುತ್ತದೆ. ಕೋರಾ ಬಟ್ಟೆ, ಅಂದರೆ ಇನ್ನೂ ಬಿಳುಪು ಮಾಡದ ಹತ್ತಿ, ಬೆಳಕಿಗೆ ಸ್ವಲ್ಪ ಹಳದಿ ಕೂಡಿಸಿ ಮೆತ್ತಗೆ ಮಾಡುತ್ತದೆ. ಅಸ್ತರಿನ ಕರಿ ಬಟ್ಟೆ ಪೂರಾ ತಡೆಯುತ್ತದೆ. ಮೂರನ್ನೂ ಮೂರು ಪದರ ಮಾಡಿ ಬೇರೆ ಬೇರೆ ಹುರಿಗೆ ಕಟ್ಟಿದೆ. ಹನಿ ಹಾಕಿದ ಹೊತ್ತಿಗೆ ಮೂರೂ, ಸ್ವಲ್ಪ ತಡೆದ ಮೇಲೆ ಎರಡು, ಒಳ್ಳೆಯ ದಿನ ಒಂದು. ಆ ಬೇನೆಯಲ್ಲಿ ನಾನು ಹೊಲಿದದ್ದು ಅದೊಂದೇ. ಹೊಲಿಗೆ ಸೊಟ್ಟ ಇದೆ, ಬಿಚ್ಚಿ ಹೊಲಿದಿಲ್ಲ, ಹಾಗೇ ಇರಲೆಂದು ಬಿಟ್ಟಿದ್ದೇನೆ.

ಖೋಲಿ ಮುಗಿದ ಮೊದಲ ದಿನ ನನಗೆ ನೆನಪಿದೆ. ಮೇಲಿನ ಸಂದಿನಿಂದ ಬೆಳಕು ಬಂದು ಮೊದಲು ಮಾಳಿಗೆಗೆ ತಾಗಿ, ಅಲ್ಲಿಂದ ಕೆಮ್ಮಣ್ಣಿನ ಸುಣ್ಣದ ಗೋಡೆಯಗುಂಟ ಇಳಿದು, ನನ್ನ ಹಾಸಿಗೆಯ ತನಕ ಬಂದು ನಿಂತಿತು. ಮೂಲೆಯಲ್ಲಿ ನೆರಳು ಇತ್ತು. ಸಾಕೆನಿಸಿದರೆ ಮುಖ ಆ ಕಡೆ ಹೊರಳಿಸಿದರಾಯಿತು. ಎಲ್ಲೂ ಏನೂ ಹೊಳೆಯಲಿಲ್ಲ. ಕನ್ನಡಕ ತೆಗೆದು ಎರಡೂ ಕಣ್ಣು ತೆರೆದು ಕೂತೆ. ತಿಂಗಳಾದ ಮೇಲೆ ಮೊದಲ ಸಲ ಹಗಲು ಹೊತ್ತು ನನ್ನದಾಯಿತು. ಅಷ್ಟು ಖುಷಿ ನನಗೆ ಹೊಸ ಮಷಿನ್ ತಂದ ದಿನವೂ ಆಗಿರಲಿಲ್ಲ.

ಫೋನಿನ ಪರದೆ ನೋಡುವಂತಿರಲಿಲ್ಲ, ತಾಸಿಗೊಮ್ಮೆ ಹನಿ ತಪ್ಪುವಂತಿರಲಿಲ್ಲ. ಅದಕ್ಕೆ ಅತ್ತೆಯವರೇ ಒಂದು ಉಪಾಯ ಹುಡುಕಿದರು. ಗೋಡೆಯ ಮೇಲೆ ಬೆಳಕು ಸರಿಯುವ ದಾರಿಯಲ್ಲಿ, ಪ್ರತಿ ತಾಸಿಗೆ ಒಂದರಂತೆ ಬಟ್ಟೆಗೆ ಗುರುತು ಹಾಕುವ ನನ್ನ ಚಾಕ್‌ಪೀಸಿನಿಂದ ಗೆರೆ ಎಳೆದರು. "ನಾಕನೇ ಗೆರಿಗೆ ಬಂತು, ಮಕಾ ಮ್ಯಾಲ ಮಾಡು" ಎಂದು ಹನಿ ಹಾಕುತ್ತಿದ್ದರು. ಮೋಡವಾದ ದಿನ ಗಂಗವ್ವನ ಮನೆಯ ಗಡಿಯಾರಕ್ಕೆ ಕೂಗು ಹಾಕುತ್ತಿದ್ದರು. ಹನಿ ಹಾಕಿದ ಮೇಲೆ ಪರೀಕ್ಷೆ. "ಎಷ್ಟ ಬಟ್ಟು?" ಎಂದು ಬೆರಳು ತೋರಿಸುವುದು. ಅವರು ಯಾವಾಗಲೂ ಮೂರೇ ತೋರಿಸುತ್ತಿದ್ದರು, ನಾನು ಕಾಣದಿದ್ದರೂ ಮೂರು ಎನ್ನುತ್ತಿದ್ದೆ. ಅವರಿಗೂ ಅದು ಗೊತ್ತಿತ್ತೆಂದು ನನಗೆ ಗುಮಾನಿ.

ನಿಜವಾದ ಪರೀಕ್ಷೆ ನಾನು ಒಬ್ಬಳೇ ಮಾಡಿಕೊಳ್ಳುತ್ತಿದ್ದೆ. ಬೆಳಿಗ್ಗೆ 8 ಗಂಟೆಯ ಹೊತ್ತಿಗೆ ಹೊರಗಿನ ಬೇವಿನ ಗಿಡದ ನೆರಳು ಕೋರಾ ಬಟ್ಟೆಯ ಮೇಲೆ ಬೀಳುತ್ತಿತ್ತು. ಎಡಗಣ್ಣು ಮುಚ್ಚಿ ನೋಡಿದರೆ ಮೊದಲ ವಾರಗಳಲ್ಲಿ ಏನೋ ಅಲ್ಲಾಡುತ್ತಿದೆ ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಒಂದೂವರೆ ತಿಂಗಳಿಗೆ ಟೊಂಗೆ ಬೇರೆ, ಎಲೆ ಬೇರೆ ಆಯಿತು. ಆಗಲೇ ಹನಿಯಿಂದ ಕಣ್ಣಿನ ಒತ್ತಡ ಏರಿದೆ ಎಂದು ಡಾಕ್ಟರ್ ಔಷಧ ಬದಲಿಸಿದರು, ಎಲೆಗಳು ಮತ್ತೆ ಕಲೆಸಿಹೋದವು. ಆ ಎರಡು ವಾರ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಖೋಲಿ ನನ್ನನ್ನು ಬೈಯಲಿಲ್ಲ, ಏನೂ ಕೇಳಲಿಲ್ಲ, ಸುಮ್ಮನೆ ಬೆಳಗಾಗಿ ಸುಮ್ಮನೆ ಸಂಜೆಯಾಗುತ್ತಿತ್ತು. ಅದು ನನಗೆ ಬೇಕಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಎಲೆಯ ಅಂಚಿನ ಗರಗಸ ಕಂಡಿತು. ಮಗಳು ಮುದ್ದೇಬಿಹಾಳದ ಹಾಸ್ಟೆಲಿನಲ್ಲಿ ಓದುತ್ತಾಳೆ, ಅವಳಿಗೆ ಫೋನ್ ಮಾಡಿಸಿ ಹೇಳಿದೆ. "ಎಲಿಗೆ ಹಲ್ಲ ಬಂದಾವು" ಎಂದರೆ ಅವಳಿಗೆ ಏನೂ ತಿಳಿಯದೆ ಅಪ್ಪನಿಗೆ ಕೊಡು ಎಂದಳು.

ಮೂರೂವರೆ ತಿಂಗಳಿಗೆ ಡಾಕ್ಟರ್ ಪಾಪೆ ಬಿಟ್ಟಿದೆ ಎಂದರು. ಚಾರ್ಟಿನಲ್ಲಿ ಕಡೆಯ ಎರಡು ಸಾಲು ಬಿಟ್ಟು ಎಲ್ಲಾ ಓದಿದೆ. ಅವೆರಡು ಸಾಲು ಬರುವುದಿಲ್ಲ, ಬೇನೆ ಮತ್ತೆ ಬಂದರೂ ಬರಬಹುದು, ಕೆಂಪಾದ ದಿನವೇ ಓಡಿ ಬರಬೇಕು ಎಂದರು. ಹೊಲಿಯಬಹುದೇ ಎಂದು ಕೇಳಿದೆ. "ಹೊಲೀರಿ, ದಿನಾ ಎಡಗಣ್ಣ ಮುಚ್ಚಿ ಬಲಗಣ್ಣಿಲೆ ಸ್ವಲ್ಪ ಹೊತ್ತ ನೋಡೂ ರೂಢಿ ಇಟಗೋರಿ" ಎಂದರು. ಆಮೇಲೆ ಒಮ್ಮೆ ಮರಳಿ ಬಂದಿತ್ತು, ನಾನು ಅದೇ ದಿನ ಬಸ್ ಹತ್ತಿದೆ, ಮೂರು ವಾರದಲ್ಲಿ ಹೋಯಿತು. ಈಗ ದಿನಕ್ಕೆ ಎರಡು ಹನಿ, ಅಂಗಡಿ ನಡೆದಿದೆ. ಟ್ರೆಜರಿಯ ಕನ್ನಡಿಯಲ್ಲಿ ಗಿರಾಕಿಗಳು ಹೊಸ ಜಂಪರ್ ಹಾಕಿಕೊಂಡು ತಿರುಗಿ ತಿರುಗಿ ನೋಡಿಕೊಳ್ಳುತ್ತಾರೆ.

ಪಾಪೆ ಬಿಟ್ಟಿದೆ ಎಂದು ಡಾಕ್ಟರ್ ಹೇಳಿದ ಮರುದಿನದ ಮಾತು. ಅತ್ತೆಯವರು ತಲೆಗೆ ನೀರು ಹಾಕಿಕೊಂಡು ಬಂದು ನನ್ನ ಖೋಲಿಯ ಸಂದಿನ ಕೆಳಗೆ ಕೂದಲು ಒಣಗಿಸುತ್ತ ಕೂತರು. ಯಾವಾಗಲೂ ತಲೆ ತುಂಬ ಸೆರಗು ಹೊದೆಯುವವರು ಅವತ್ತು ಸೆರಗು ಇಳಿಸಿದ್ದರು. ನಾನು ರೂಢಿಗೆಂದು ಎಡಗಣ್ಣು ಮುಚ್ಚಿ ಅವರನ್ನೇ ನೋಡಿದೆ. ಹಣೆಯ ಗೆರೆಗಳು ಕಂಡವು, ಹುಬ್ಬಿನಲ್ಲಿ ಎರಡು ಬಿಳಿ ಕೂದಲು ಕಂಡವು. ಎಡಗಿವಿಯಲ್ಲಿ ಬಂಗಾರದ ಬೆಂಡೋಲಿ ಕಂಡಿತು, ಅವರು ಮುಖ ಹೊರಳಿಸಿದಾಗ ಬಲಗಿವಿಯೂ ಕಂಡಿತು.

"ಅತ್ತಿ, ಬಲಗಿವಿ ಬೆಂಡೋಲಿ ಎಲ್ಲೈತ್ರಿ?"

ಅವರು ತಟ್ಟನೆ ಸೆರಗು ಎಳೆದುಕೊಂಡರು. "ಯಾವ ಕಣ್ಣಿಲೆ ನೋಡಿದಿ?"

"ಬಲಗಣ್ಣಿಲೆರಿ."

ಎದ್ದು ಹತ್ತಿರ ಬಂದು ನನ್ನ ಎಡಗಣ್ಣಿನ ಮೇಲೆ ತಮ್ಮದೇ ಅಂಗೈ ಒತ್ತಿ ಮುಚ್ಚಿದರು. ಇನ್ನೊಂದು ಕೈಯಿಂದ ಸೆರಗು ಸರಿಸಿ ಕಿವಿ ತೋರಿಸಿದರು. "ಈಗ ನೋಡು."

"ಇಲ್ರಿ. ಬರೇ ತೂತ ಐತಿ."

ಅವರು ಕೈ ತೆಗೆಯಲಿಲ್ಲ. ಹಾಗೆಯೇ ಹೇಳಿದರು, "ಅದನ್ನ ಕರಗಿಸಿ ದೇವೀಗೆ ಬಂಗಾರದ ಕಣ್ಣ ಮಾಡಿಸಿ ಕೊಟ್ಟೇನಿ. ನೀ ಕತ್ತಲಾಗ ಕುಂತಿದ್ದೆಲ್ಲ, ಆವಾಗ."

ನನ್ನ ಬಾಯಿಗೆ ಬಂದದ್ದು ಟೇಲರಿನ ಮಾತು. "ಕೊಡೂದಿದ್ರ ಜೋಡಿ ಕೊಡಬೇಕಿತ್ತಿಲ್ರಿ. ಹಿಂಗ ಒಂದ ಕಿವಿಲೆ ಯಾಕ ತಿರಗ್ಯಾಡಿದ್ರಿ?"

ಅತ್ತೆಯವರು ನನ್ನ ಕಣ್ಣಿನಿಂದ ಕೈ ತೆಗೆದು, ಇವಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎನ್ನುವಂತೆ ನೋಡಿದರು.

"ಹೋಗಿದ್ದು ಒಂದ ಕಣ್ಣಲ್ಲೇನು?"